ಸ್ಟ್ಯಾಟ್ಸ್ ಓಡಿದ ಮರುದಿನ: ಒಬ್ಬ ಡಿಬಿಎಯ ಅನುಭವದ ಪಾಠಗಳು

"ಕೋಡ್ ಮುಟ್ಟಿಲ್ಲ, ಇಂಡೆಕ್ಸ್ ಮುಟ್ಟಿಲ್ಲ, ಸರ್ವರ್ ಕೂಡ ಅದೇ. ನಿನ್ನೆ ಎರಡು ಸೆಕೆಂಡಿಗೆ ಬರುತ್ತಿದ್ದ ರಿಪೋರ್ಟ್ ಇವತ್ತು ಅರ್ಧ ಗಂಟೆಯಾದರೂ ಬಂದಿಲ್ಲ." ಡೇಟಾಬೇಸ್ ನೋಡಿಕೊಳ್ಳುವವರಿಗೆ ಈ ದೂರು ಹೊಸದಲ್ಲ. ಕೆದಕುತ್ತಾ ಹೋದರೆ ಬದಲಾಗಿರುವುದು ಒಂದೇ ಸಂಗತಿ: ರಾತ್ರಿ ಆಪ್ಟಿಮೈಸರ್ ಸ್ಟ್ಯಾಟಿಸ್ಟಿಕ್ಸ್ ಹೊಸದಾಗಿ ಸಂಗ್ರಹವಾಗಿದೆ. ಅಷ್ಟು ಗೊತ್ತಾದರೆ ಸಾಕು, ಕಾನ್ಫರೆನ್ಸ್ ಕಾಲ್‌ನಲ್ಲಿದ್ದವರೆಲ್ಲ ತೀರ್ಪು ಕೊಟ್ಟುಬಿಡುತ್ತಾರೆ. ಸ್ಟ್ಯಾಟ್ಸ್ ಕೆಟ್ಟಿದೆ, ಆ ಜಾಬನ್ನೇ ನಿಲ್ಲಿಸಿ ಎಂದು.

ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಂಡದ್ದು ಬೇರೆ. ಹೆಚ್ಚಿನ ಸಲ ಹೊಸ ಅಂಕಿಅಂಶ ಹಳೆಯದಕ್ಕಿಂತ ಸರಿಯಾಗಿಯೇ ಇರುತ್ತದೆ. ಎರಡು ತಪ್ಪು ಅಂದಾಜುಗಳು ಒಂದನ್ನೊಂದು ಸರಿದೂಗಿಸಿಕೊಂಡಿದ್ದರಿಂದ ಹಳೆಯ ಪ್ಲಾನ್ ಚೆನ್ನಾಗಿ ಓಡುತ್ತಿರುತ್ತದೆ. ಒಂದು ತಪ್ಪು ಸರಿಹೋದ ದಿನ ಇನ್ನೊಂದು ಬಯಲಿಗೆ ಬೀಳುತ್ತದೆ. ಆ ಇನ್ನೊಂದನ್ನು ಹುಡುಕುವುದೇ ಡಿಬಿಎ ಕೆಲಸ.

ಹಿನ್ನೆಲೆ ಎರಡು ಮಾತಿನಲ್ಲಿ. ಕ್ವೆರಿಯೊಂದನ್ನು ಓಡಿಸಲು ಇರುವ ಹತ್ತಾರು ದಾರಿಗಳಿಗೆಲ್ಲ ವೆಚ್ಚ ಲೆಕ್ಕ ಹಾಕಿ ಅಗ್ಗದ್ದನ್ನು ಆರಿಸುವ ವಿಧಾನವನ್ನು 1979ರಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಐಬಿಎಂನ ಸಿಸ್ಟಮ್ ಆರ್ ಯೋಜನೆಯ ಪ್ರಬಂಧದಲ್ಲಿ ವಿವರಿಸಿದರು. ಒರೇಕಲ್‌ಗೆ ಅದು ಏಳನೆಯ ಆವೃತ್ತಿಯಲ್ಲಿ ಬಂತು. 10ಜಿ ಹೊತ್ತಿಗೆ ನಿಯಮಗಳ ಮೇಲೆ ನಡೆಯುತ್ತಿದ್ದ ಹಳೆಯ ಆಪ್ಟಿಮೈಸರ್‌ಗೆ ಬೆಂಬಲವೇ ನಿಂತಿತು. ವೆಚ್ಚ ಲೆಕ್ಕ ಹಾಕುವಾಗ ಆಪ್ಟಿಮೈಸರ್ ಟೇಬಲನ್ನು ತೆರೆದು ನೋಡುವುದಿಲ್ಲ. ಟೇಬಲಿನ ಬಗ್ಗೆ ಬರೆದಿಟ್ಟ ಟಿಪ್ಪಣಿ ನೋಡುತ್ತದೆ: ಎಷ್ಟು ಸಾಲು, ಈ ಕಾಲಂನಲ್ಲಿ ಎಷ್ಟು ಬೇರೆ ಬೇರೆ ಮೌಲ್ಯ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಯಾವ ಮೌಲ್ಯ ಹೆಚ್ಚು ಸಲ ಬಂದಿದೆ. ಆ ಟಿಪ್ಪಣಿಯೇ ಸ್ಟ್ಯಾಟಿಸ್ಟಿಕ್ಸ್. ನನ್ನ ಕೆಲಸ ಬಹುಪಾಲು ಒರೇಕಲ್ ಮೇಲೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಬೇರೆ ಥರ ನಡೆಯುವ ಕಡೆ ಹೇಳುತ್ತೇನೆ.

1. ಪ್ಲಾನ್ ನಿಜಕ್ಕೂ ಬದಲಾಗಿದೆಯೇ ನೋಡಿ

ಇದನ್ನು ನೋಡದೆ ಮುಂದೆ ಹೋಗಬೇಡಿ. ಒರೇಕಲ್‌ನಲ್ಲಿ ಪ್ರತಿ ಪ್ಲಾನ್‌ಗೂ ಒಂದು ಹ್ಯಾಶ್ ಸಂಖ್ಯೆ ಇರುತ್ತದೆ. ನಿನ್ನೆಯ ಸಂಖ್ಯೆ, ಇವತ್ತಿನ ಸಂಖ್ಯೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಡಯಾಗ್ನೋಸ್ಟಿಕ್ಸ್ ಪ್ಯಾಕ್ ಲೈಸೆನ್ಸ್ ಇದ್ದರೆ ಎಡಬ್ಲ್ಯೂಆರ್ ಇತಿಹಾಸದಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಸ್ಟ್ಯಾಟ್ಸ್‌ಪ್ಯಾಕ್ ಹಾಕಿಟ್ಟುಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಎಸ್‌ಕ್ಯೂಎಲ್ ಸರ್ವರ್ 2016ರಿಂದ ಕ್ವೆರಿ ಸ್ಟೋರ್ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಆಟೋ ಎಕ್ಸ್‌ಪ್ಲೇನ್ ಮೊದಲೇ ಹಾಕಿರದಿದ್ದರೆ ನಿನ್ನೆಯ ಪ್ಲಾನ್ ಸಿಗುವುದಿಲ್ಲ, ಆಗ ಊಹೆಯೇ ಗತಿ.

ಎರಡೂ ಸಂಖ್ಯೆ ಒಂದೇ ಆಗಿದ್ದರೆ ಸ್ಟ್ಯಾಟ್ಸ್ ಮೇಲಿನ ಆರೋಪ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಬ್ಯಾಕಪ್ ಇನ್ನೂ ಮುಗಿದಿಲ್ಲವೇ, ಯಾರಾದರೂ ಸಾಲು ಲಾಕ್ ಮಾಡಿ ಕುಳಿತಿದ್ದಾರೆಯೇ, ಸ್ಟೋರೇಜ್ ನಿಧಾನವಾಗಿದೆಯೇ ಎಂದು ನೋಡಬೇಕು. ಒಂದೇ ರಾತ್ರಿ ಎರಡು ಘಟನೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ರಾತ್ರಿ ಬ್ಯಾಚ್ ಕೆಲಸಗಳೆಲ್ಲ ಅದೇ ಹೊತ್ತಿಗೆ ಓಡುತ್ತವೆ ಎಂಬುದನ್ನು ಮರೆಯಬೇಡಿ.

2. ಗಡಿಯಾರದ ಸಾಕ್ಷ್ಯವನ್ನು ಪೂರ್ತಿ ನಂಬಬೇಡಿ

"ಸ್ಟ್ಯಾಟ್ಸ್ ಓಡಿದ್ದು ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ಹನ್ನೆರಡೂವರೆಗೆ. ಹಾಗಾದರೆ ಸ್ಟ್ಯಾಟ್ಸ್ ಕಾರಣವಾಗಲಾರದು." ಕೇಳಿದರೆ ನ್ಯಾಯವೇ ಅನ್ನಿಸುತ್ತದೆ, ಆದರೆ ಒರೇಕಲ್‌ನಲ್ಲಿ ಈ ವಾದ ನಿಲ್ಲುವುದಿಲ್ಲ.

ಸ್ಟ್ಯಾಟ್ಸ್ ಬದಲಾದ ಕೂಡಲೇ ಅದಕ್ಕೆ ಸಂಬಂಧಪಟ್ಟ ಕರ್ಸರ್‌ಗಳನ್ನೆಲ್ಲ ಒಟ್ಟಿಗೆ ಅಮಾನ್ಯ ಮಾಡಿದರೆ ಸಾವಿರಾರು ಕ್ವೆರಿಗಳು ಒಂದೇ ಸಲ ಹೊಸದಾಗಿ ಪಾರ್ಸ್ ಆಗಬೇಕು, ಸರ್ವರ್ ಉಸಿರುಗಟ್ಟುತ್ತದೆ. ಅದಕ್ಕಾಗಿ 10ಜಿಯಿಂದ ಒರೇಕಲ್ ಈ ಕೆಲಸವನ್ನು ಹರಡಿ ಮಾಡುತ್ತದೆ. ಸ್ಟ್ಯಾಟ್ಸ್ ಆದ ಮೇಲೆ ಆ ಕ್ವೆರಿ ಮೊದಲ ಸಲ ಬಂದಾಗ ಹಳೆಯ ಪ್ಲಾನನ್ನೇ ಬಳಸಿ, ಒಳಗೊಳಗೆ ಯಾದೃಚ್ಛಿಕವಾಗಿ ಒಂದು ಗಡುವು ಗುರುತು ಮಾಡಿಕೊಳ್ಳುತ್ತದೆ. ಆ ಗಡುವು 18,000 ಸೆಕೆಂಡು, ಅಂದರೆ ಐದು ಗಂಟೆಯ ಒಳಗೆ ಎಲ್ಲಾದರೂ ಬೀಳಬಹುದು. ಗಡುವು ದಾಟಿದ ಮೇಲೆ ಬಂದವರಿಗೆ ಹೊಸ ಪ್ಲಾನ್. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಸಲ ಓಡುವ ಕ್ವೆರಿಯ ಪ್ಲಾನ್ ಮಧ್ಯಾಹ್ನ ಎರಡರ ತನಕ ಯಾವ ಕ್ಷಣದಲ್ಲಾದರೂ ಬದಲಾಗಬಹುದು ಎಂದಾಯಿತು. ಆರ್‌ಎಸಿ ಇದ್ದರೆ ಒಂದು ನೋಡ್‌ನಲ್ಲಿ ಹಳೆಯ ಪ್ಲಾನ್, ಪಕ್ಕದ ನೋಡ್‌ನಲ್ಲಿ ಹೊಸದು. "ನನಗೆ ಬರ್ತಿದೆ, ಅವರಿಗೆ ಬರ್ತಿಲ್ಲ" ಎಂಬ ವಿಚಿತ್ರ ದೂರು ಹುಟ್ಟುವುದು ಹೀಗೆಯೇ.

ಪುರಾವೆ ಬೇಕಿದ್ದರೆ ವಿ ಡಾಲರ್ ಎಸ್‌ಕ್ಯೂಎಲ್ ಶೇರ್ಡ್ ಕರ್ಸರ್ ವ್ಯೂ ನೋಡಿ. ರೋಲ್ ಇನ್‌ವ್ಯಾಲಿಡ್ ಮಿಸ್‌ಮ್ಯಾಚ್ ಎಂಬ ಕಾಲಂನಲ್ಲಿ 'ವೈ' ಇದ್ದರೆ ಆ ಚೈಲ್ಡ್ ಕರ್ಸರ್ ಹುಟ್ಟಿದ್ದು ಸ್ಟ್ಯಾಟ್ಸ್ ಬದಲಾದ ಕಾರಣಕ್ಕೆ. ವಾದ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಒರೇಕಲ್‌ನ ತಾನಾಗಿ ಓಡುವ ಸ್ಟ್ಯಾಟ್ಸ್ ಜಾಬ್‌ಗೆ ವಾರದ ದಿನಗಳಲ್ಲಿ ರಾತ್ರಿ 10ರಿಂದ 2ರ ತನಕ ಸಮಯ. ಶನಿವಾರ ಭಾನುವಾರ ಬೆಳಿಗ್ಗೆ 6ಕ್ಕೇ ಕಿಟಕಿ ತೆರೆದು ಇಪ್ಪತ್ತು ಗಂಟೆ ಹಾಗೇ ಇರುತ್ತದೆ, ಆ ನಡುವೆ ನಾಲ್ಕು ಗಂಟೆಗೊಮ್ಮೆ ಜಾಬ್ ಮತ್ತೆ ಏಳುತ್ತದೆ. ವಾರಾಂತ್ಯದಲ್ಲಿ ದೊಡ್ಡ ಲೋಡ್ ಮಾಡುವ ಕಚೇರಿಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಈ ಗೊಂದಲ ಕಡಿಮೆ, ಸಾಮಾನ್ಯವಾಗಿ ಮುಂದಿನ ಸಲ ಓಡುವಾಗಲೇ ರಿಕಂಪೈಲ್ ಆಗುತ್ತದೆ. ಪೋಸ್ಟ್‌ಗ್ರೆಸ್ ಪ್ರತಿ ಸಲವೂ ಪ್ಲಾನ್ ಮಾಡುತ್ತದೆ. ಪ್ರಿಪೇರ್ ಮಾಡಿಟ್ಟ ಸ್ಟೇಟ್‌ಮೆಂಟ್‌ಗಳು ಕೂಡ ಅನಲೈಸ್ ಆದ ಮೇಲೆ ಹೊಸ ಪ್ಲಾನ್ ಪಡೆಯುತ್ತವೆ.

3. ಸಾಕ್ಷ್ಯ ಎತ್ತಿಟ್ಟುಕೊಂಡು, ಆಮೇಲೆ ಸೇವೆ ಎಬ್ಬಿಸಿ

ಕೌಂಟರ್ ಮುಂದೆ ಜನ ನಿಂತಿರುವಾಗ ಮೂಲ ಕಾರಣದ ಸಂಶೋಧನೆಗೆ ಕೂರಬಾರದು. ಹಳೆಯ ಸ್ಟ್ಯಾಟ್ಸ್ ವಾಪಸ್ ತನ್ನಿ. ಒರೇಕಲ್ ಹಳೆಯ ಅಂಕಿಅಂಶವನ್ನು ತಾನಾಗಿ 31 ದಿನ ಇಟ್ಟುಕೊಂಡಿರುತ್ತದೆ. ಡಿಬಿಎಂಎಸ್_ಸ್ಟ್ಯಾಟ್ಸ್ ಪ್ಯಾಕೇಜಿನ ರಿಸ್ಟೋರ್_ಟೇಬಲ್_ಸ್ಟ್ಯಾಟ್ಸ್‌ಗೆ ಟೇಬಲ್ ಹೆಸರು, ನಿನ್ನೆಯ ಒಂದು ಸಮಯ ಕೊಟ್ಟರೆ ಆ ಹೊತ್ತಿನ ಸ್ಟ್ಯಾಟ್ಸ್ ಮರಳುತ್ತದೆ. ನೋ_ಇನ್‌ವ್ಯಾಲಿಡೇಟ್ ಎಂಬುದಕ್ಕೆ ಫಾಲ್ಸ್ ಕೊಡುವುದನ್ನು ಬಿಟ್ಟರೆ, ಮೇಲೆ ಹೇಳಿದ ಐದು ಗಂಟೆಯ ಆಟವೇ ಇಲ್ಲೂ ನಡೆಯುತ್ತದೆ. "ರಿಸ್ಟೋರ್ ಮಾಡಿದೆ, ಏನೂ ಆಗಲಿಲ್ಲ" ಎಂದು ಪರದಾಡುವವರಲ್ಲಿ ಅರ್ಧ ಜನ ಇದನ್ನು ಬಿಟ್ಟವರು.

ಆದರೆ ರಿಸ್ಟೋರ್ ಮಾಡುವ ಮೊದಲು ಎರಡು ನಿಮಿಷ ತಗೊಳ್ಳಿ. ಕೆಟ್ಟ ಪ್ಲಾನನ್ನು ಪೂರ್ತಿ ತೆಗೆದು ಒಂದು ಫೈಲಿಗೆ ಹಾಕಿ, ಅದು ಬಳಸಿದ ಬೈಂಡ್ ಮೌಲ್ಯಗಳ ಸಮೇತ. ಹೊಸ ಸ್ಟ್ಯಾಟ್ಸನ್ನು ಒಂದು ಟೇಬಲಿಗೆ ಎಕ್ಸ್‌ಪೋರ್ಟ್ ಮಾಡಿ. ಕರ್ಸರ್ ಒಮ್ಮೆ ಮೆಮೊರಿಯಿಂದ ಹೋಯಿತೆಂದರೆ ಹೋಯಿತು. ಮಧ್ಯಾಹ್ನ ಎಲ್ಲರೂ ಸಮಾಧಾನವಾದ ಮೇಲೆ ಮ್ಯಾನೇಜರ್ "ಯಾಕಾಯ್ತು?" ಎಂದು ಕೇಳುವಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ರಿಸ್ಟೋರ್ ಆದ ಮೇಲೆ ಆ ಟೇಬಲಿನ ಸ್ಟ್ಯಾಟ್ಸ್ ಲಾಕ್ ಮಾಡಿ. ಇಲ್ಲದಿದ್ದರೆ ಇವತ್ತು ರಾತ್ರಿ ಹತ್ತಕ್ಕೆ ಜಾಬ್ ಮತ್ತೆ ಬರಬಹುದು, ನಾಳೆ ಬೆಳಿಗ್ಗೆ ಅದೇ ಫೋನು. ಲಾಕ್ ಮಾಡಿದ್ದನ್ನು ಟಿಕೆಟ್‌ನಲ್ಲಿ ಬರೆದಿಡಿ, ಯಾವತ್ತು ತೆಗೆಯಬೇಕೆಂದೂ ಬರೆಯಿರಿ. ಬರೆಯದೆ ಬಿಟ್ಟ ಲಾಕ್ ವರ್ಷಗಟ್ಟಲೆ ಉಳಿದು, ಹತ್ತು ಪಟ್ಟು ಬೆಳೆದ ಟೇಬಲ್ ಇನ್ನೂ ಹಸುಗೂಸಿನ ಅಳತೆಯಲ್ಲಿ ಕಾಣುತ್ತಿರುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ.

4. ಕಾಸ್ಟ್ ಬಿಡಿ, ಸಾಲುಗಳನ್ನು ಎಣಿಸಿ

ಪ್ಲಾನ್ ಕೈಗೆ ಬಂದ ಕೂಡಲೇ ಹೊಸಬರ ಕಣ್ಣು ಹೋಗುವುದು ಕಾಸ್ಟ್ ಕಾಲಂ ಕಡೆಗೆ, ಇಲ್ಲವೇ "ಫುಲ್ ಟೇಬಲ್ ಸ್ಕ್ಯಾನ್" ಎಂಬ ಸಾಲಿನ ಕಡೆಗೆ. ಎರಡೂ ದಾರಿ ತಪ್ಪಿಸುತ್ತವೆ. ನೋಡಬೇಕಾದದ್ದು ಆಪ್ಟಿಮೈಸರ್ ಎಷ್ಟು ಸಾಲು ಬರುತ್ತದೆಂದು ಅಂದುಕೊಂಡಿತ್ತು, ನಿಜವಾಗಿ ಎಷ್ಟು ಬಂತು ಎಂಬುದನ್ನು. ಕ್ವೆರಿಗೆ ಗ್ಯಾದರ್_ಪ್ಲಾನ್_ಸ್ಟ್ಯಾಟಿಸ್ಟಿಕ್ಸ್ ಹಿಂಟ್ ಹಾಕಿ ಓಡಿಸಿ, ಡಿಸ್ಪ್ಲೇ_ಕರ್ಸರ್‌ನಲ್ಲಿ ಆಲ್‌ಸ್ಟ್ಯಾಟ್ಸ್ ಲಾಸ್ಟ್ ಎಂದು ಕೇಳಿದರೆ ಇ-ರೋಸ್, ಎ-ರೋಸ್ ಎರಡೂ ಅಕ್ಕಪಕ್ಕದಲ್ಲಿ ಬರುತ್ತವೆ.

ಎಣಿಸುವಾಗ ಒಂದು ಎಚ್ಚರಿಕೆ. ಒರೇಕಲ್‌ನಲ್ಲಿ ಇ-ರೋಸ್ ಒಂದು ಸುತ್ತಿನದು, ಎ-ರೋಸ್ ಎಲ್ಲ ಸುತ್ತುಗಳ ಒಟ್ಟು. ಹಾಗಾಗಿ ಇ-ರೋಸನ್ನು ಸ್ಟಾರ್ಟ್ಸ್‌ನಿಂದ ಗುಣಿಸಿ ಹೋಲಿಸಬೇಕು. ಪೋಸ್ಟ್‌ಗ್ರೆಸ್‌ನ ಎಕ್ಸ್‌ಪ್ಲೇನ್ ಅನಲೈಸ್‌ನಲ್ಲಿ ಅಂದಾಜು, ನಿಜ ಎರಡೂ ಒಂದು ಲೂಪಿನ ಲೆಕ್ಕ, ಒಟ್ಟು ಬೇಕಿದ್ದರೆ ಲೂಪ್ಸ್‌ನಿಂದ ಗುಣಿಸಿಕೊಳ್ಳಿ. ಅದು ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. ಅಪ್‌ಡೇಟ್, ಡಿಲೀಟ್ ಇದ್ದರೆ ಬಿಗಿನ್ ಮತ್ತು ರೋಲ್‌ಬ್ಯಾಕ್ ನಡುವೆ ಹಾಕಿ.

ಓದುವುದು ಒಳಗಿನಿಂದ ಹೊರಕ್ಕೆ. ಅಂದಾಜೂ ನಿಜವೂ ಮೊದಲು ಎಲ್ಲಿ ಬೇರೆಯಾದವೋ ಅಲ್ಲೇ ನಿಲ್ಲಿ. ಅದರಾಚೆಗಿನ ಅನಾಹುತಗಳೆಲ್ಲ ಅದರ ಮಕ್ಕಳು ಮರಿಗಳು. ಅಂದಾಜು 1, ನಿಜ 40,000 ಎಂದಿರುವ ಒಂದು ಸಾಲು, ಅದರ ಮೇಲೊಂದು ನೆಸ್ಟೆಡ್ ಲೂಪ್: ನಿಧಾನವಾದ ಕ್ವೆರಿಗಳಲ್ಲಿ ನಾನು ಅತಿ ಹೆಚ್ಚು ನೋಡಿರುವ ಮುಖ ಇದು.

ಬರೀ ಎಕ್ಸ್‌ಪ್ಲೇನ್ ಪ್ಲಾನ್ ಓಡಿಸಿ ಸಮಾಧಾನಪಡಬೇಡಿ. ಒರೇಕಲ್‌ನಲ್ಲಿ ಅದು ಬೈಂಡ್ ಮೌಲ್ಯವನ್ನು ಇಣುಕಿ ನೋಡುವುದಿಲ್ಲ, ಎಲ್ಲ ಬೈಂಡ್‌ಗಳನ್ನೂ ಅಕ್ಷರಮಾದರಿ ಎಂದೇ ತಿಳಿಯುತ್ತದೆ. ಅದು ತೋರಿಸಿದ ಪ್ಲಾನ್ ಒಂದು, ಓಡಿದ ಪ್ಲಾನ್ ಇನ್ನೊಂದು ಆಗಿರಬಹುದು.

5. ಕೆಲವೊಮ್ಮೆ ತಪ್ಪು ಸ್ಟ್ಯಾಟ್ಸ್‌ದೇ ಅಲ್ಲ, ಮೊದಲು ಬಂದ ಗಿರಾಕಿಯದು

ಈ ಪಾಠ ಕಲಿಸಿದ್ದು ಒಂದು ಹಣಕಾಸು ಸಂಸ್ಥೆಯ ಸಾಲದ ಕಂತುಗಳ ಟೇಬಲ್. ಸ್ಥಿತಿ ಎಂಬ ಕಾಲಂನಲ್ಲಿ ಬಹುತೇಕ ಎಲ್ಲವೂ 'ಪಾವತಿಯಾಗಿದೆ', ಒಂದು ಸಣ್ಣ ಚೂರು ಮಾತ್ರ 'ಬಾಕಿ'. ಶಾಖೆಗಳಲ್ಲಿ ದಿನವಿಡೀ ಕೇಳುವುದು ಬಾಕಿಯನ್ನು. ಯಾವ ಮೌಲ್ಯ ಎಷ್ಟು ಸಲ ಬಂದಿದೆ ಎಂದು ಹೇಳುವ ಹಿಸ್ಟೋಗ್ರಾಮ್ ಇತ್ತು, ಸ್ಟ್ಯಾಟ್ಸ್ ಸರಿ ಇತ್ತು, ಪ್ಲಾನ್ ಇಂಡೆಕ್ಸ್ ಹಿಡಿದು ಓಡುತ್ತಿತ್ತು. ಒಂದು ರಾತ್ರಿ ಸ್ಟ್ಯಾಟ್ಸ್ ಆಯಿತು. ಡಿಫ್_ಟೇಬಲ್_ಸ್ಟ್ಯಾಟ್ಸ್_ಇನ್_ಹಿಸ್ಟರಿ ಓಡಿಸಿ ಹಳೆಯದನ್ನೂ ಹೊಸದನ್ನೂ ಹೋಲಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಆದರೂ ಬೆಳಿಗ್ಗೆ ಎಲ್ಲ ಶಾಖೆಗಳೂ ಫುಲ್ ಸ್ಕ್ಯಾನ್‌ನಲ್ಲಿ ಸಿಕ್ಕಿಕೊಂಡಿದ್ದವು.

ಆಗಿದ್ದಿಷ್ಟು. ಸ್ಟ್ಯಾಟ್ಸ್ ಬದಲಾದ್ದರಿಂದ ಹಳೆಯ ಕರ್ಸರ್ ಬಿದ್ದುಹೋಯಿತು. ಹೊಸ ಪ್ಲಾನ್ ಕಟ್ಟುವ ಹೊತ್ತಿಗೆ ಮೊದಲು ಬಂದವರು ಆಡಿಟ್ ವಿಭಾಗದವರು, ಅವರು ಕೇಳಿದ್ದು 'ಪಾವತಿಯಾಗಿದೆ'. ಆಪ್ಟಿಮೈಸರ್ ಆ ಬೈಂಡ್ ಮೌಲ್ಯ ಇಣುಕಿ ನೋಡಿತು, ಟೇಬಲಿನ ಬಹುಪಾಲು ಸಾಲು ಬೇಕೆಂದರೆ ಫುಲ್ ಸ್ಕ್ಯಾನ್ ಮಾಡಬೇಕೆಂದು ತೀರ್ಮಾನಿಸಿತು. ಆ ಮಟ್ಟಿಗೆ ಅದು ಸರಿ. ಆಮೇಲೆ ಬಾಕಿ ಕೇಳಲು ಬಂದವರಿಗೆಲ್ಲ ಅದೇ ಪ್ಲಾನ್ ಗಂಟುಬಿತ್ತು. 11ಜಿಯಲ್ಲಿ ಬಂದ ಅಡಾಪ್ಟಿವ್ ಕರ್ಸರ್ ಶೇರಿಂಗ್ ಇದನ್ನು ತಾನಾಗಿ ಗುರುತಿಸುತ್ತದೆ ಎಂಬುದು ನಿಜ, ಆದರೆ ಅದು ಪಾಠ ಕಲಿಯಬೇಕಾದರೆ ಕೆಲವರಾದರೂ ಮೊದಲು ನಿಧಾನದ ಪ್ಲಾನ್ ಅನುಭವಿಸಬೇಕು.

ಇಲ್ಲಿ ಒಂದು ಮೋಸ ಅಡಗಿದೆ. ಸ್ಟ್ಯಾಟ್ಸ್ ರಿಸ್ಟೋರ್ ಮಾಡಿದರೂ ಈ ಸಮಸ್ಯೆ ಹೋಗುತ್ತದೆ, ಯಾಕೆಂದರೆ ಕರ್ಸರ್ ಮತ್ತೆ ಪಾರ್ಸ್ ಆಗುತ್ತದೆ, ಈ ಸಲ ಮೊದಲು ಬಂದವರು ಶಾಖೆಯವರಾಗಿರುತ್ತಾರೆ. ಎಲ್ಲರೂ "ನೋಡಿದಿರಾ, ಸ್ಟ್ಯಾಟ್ಸ್‌ದೇ ತಪ್ಪು" ಎನ್ನುತ್ತಾರೆ. ಹಾಗಾಗಿ ಎರಡು ಸ್ಟ್ಯಾಟ್ಸ್‌ಗಳನ್ನು ಹೋಲಿಸಿ ನೋಡದೆ ಆ ತೀರ್ಮಾನಕ್ಕೆ ಬರಬೇಡಿ. ಇಂಥ ಕಡೆ ಆ ಕ್ಷಣದ ಪರಿಹಾರ ಶೇರ್ಡ್ ಪೂಲ್‌ನಿಂದ ಆ ಒಂದು ಕರ್ಸರನ್ನು ಪರ್ಜ್ ಮಾಡುವುದು. ನಿಜವಾದ ಪರಿಹಾರ ಅಪ್ಲಿಕೇಶನ್‌ನಲ್ಲಿ ಎರಡು ಕೆಲಸಕ್ಕೆ ಎರಡು ಕ್ವೆರಿ ಬರೆಯುವುದು. ಎಸ್‌ಕ್ಯೂಎಲ್ ಸರ್ವರ್‌ನವರು ಇದೇ ಕಾಯಿಲೆಯನ್ನು ಪ್ಯಾರಾಮೀಟರ್ ಸ್ನಿಫಿಂಗ್ ಎನ್ನುತ್ತಾರೆ.

6. ಕರೆಯದೆ ಬರುವ ಹಿಸ್ಟೋಗ್ರಾಮ್

ಮೆಥಡ್_ಆಪ್ಟ್ ಅನ್ನು ಡಿಫಾಲ್ಟ್ 'ಸೈಜ್ ಆಟೋ'ಗೆ ಬಿಟ್ಟರೆ ಯಾವ ಕಾಲಂಗೆ ಹಿಸ್ಟೋಗ್ರಾಮ್ ಬೇಕೆಂದು ಒರೇಕಲ್ ತಾನೇ ನಿರ್ಧರಿಸುತ್ತದೆ. ಅದಕ್ಕೆ ಆಧಾರ ಎರಡು: ದತ್ತಾಂಶ ಎಷ್ಟು ಅಸಮವಾಗಿ ಹರಡಿದೆ ಎಂಬುದು, ಮತ್ತು ಆ ಕಾಲಂ ಇಲ್ಲಿಯವರೆಗೆ ವೇರ್ ಕ್ಲಾಸ್‌ನಲ್ಲಿ ಬಳಕೆಯಾಗಿದೆಯೇ ಎಂಬ ದಾಖಲೆ. ಸಪೋರ್ಟ್ ತಂಡದ ಯಾರೋ ಒಬ್ಬರು ಮಧ್ಯಾಹ್ನ ಹೊತ್ತು ಹೋಗದೆ ಹೊಸ ಕಾಲಂ ಮೇಲೆ ಫಿಲ್ಟರ್ ಹಾಕಿ ಒಂದು ಕ್ವೆರಿ ಓಡಿಸಿದ್ದೂ ಆ ದಾಖಲೆಗೆ ಸೇರುತ್ತದೆ. ಮುಂದಿನ ಸ್ಟ್ಯಾಟ್ಸ್‌ನಲ್ಲಿ ಹಿಸ್ಟೋಗ್ರಾಮ್ ಹುಟ್ಟಿಕೊಳ್ಳುತ್ತದೆ.

ಉದ್ದ ಉದ್ದದ ರೆಫರೆನ್ಸ್ ಸಂಖ್ಯೆಗಳಿರುವ ಕಾಲಂಗಳಲ್ಲಿ ವಿಶೇಷವಾಗಿ ಹುಷಾರಾಗಿರಿ. ಅಕ್ಷರಮಾದರಿಯ ಕಾಲಂನ ಹಿಸ್ಟೋಗ್ರಾಮ್‌ಗೆ 11ಜಿಯಲ್ಲಿ ಮೊದಲ 32 ಬೈಟ್, 12ಸಿಯಿಂದ 64 ಬೈಟ್ ಮಾತ್ರ ಲೆಕ್ಕ. ಸಂಸ್ಥೆಯ ಸಂಕೇತ, ಶಾಖೆ, ವರ್ಷ, ಯೋಜನೆ ಎಂದು ಎಲ್ಲವನ್ನೂ ಮುಂದೆ ಪೋಣಿಸಿ, ನಿಜವಾದ ಸಂಖ್ಯೆಯನ್ನು ಬಾಲಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಆಗ ಆಪ್ಟಿಮೈಸರ್ ಕಣ್ಣಿಗೆ ಲಕ್ಷಾಂತರ ಸಾಲುಗಳೆಲ್ಲ ಒಂದೇ. ಅಂಥ ಕಾಲಂಗೆ ಟೇಬಲ್ ಪ್ರಿಫರೆನ್ಸ್‌ನಲ್ಲಿ 'ಸೈಜ್ 1' ಎಂದು ಕೊಟ್ಟು ಹಿಸ್ಟೋಗ್ರಾಮ್ ಬಾರದಂತೆ ಮಾಡಿ.

7. ಒಂದು ದಿನಾಂಕ ಸಾಕು ಕೆಡಿಸಲು

ಕಾಲಂನಲ್ಲಿ ಹಿಸ್ಟೋಗ್ರಾಮ್ ಇಲ್ಲದಿದ್ದರೆ ಆಪ್ಟಿಮೈಸರ್ ಕನಿಷ್ಠದಿಂದ ಗರಿಷ್ಠದ ತನಕ ಸಾಲುಗಳು ಸಮನಾಗಿ ಹರಡಿವೆ ಎಂದುಕೊಳ್ಳುತ್ತದೆ. 2005ರಿಂದ 2025ರವರೆಗಿನ 80 ಲಕ್ಷ ಸಾಲುಗಳಿದ್ದರೆ ಒಂದು ವರ್ಷಕ್ಕೆ ಸುಮಾರು 4 ಲಕ್ಷ. ಅಂದಾಜು ಸರಿಯಾಗಿಯೇ ಇದೆ. ಈಗ ಯಾರೋ ಒಬ್ಬರು "ಮುಕ್ತಾಯ ದಿನಾಂಕ ಇಲ್ಲ" ಎಂಬರ್ಥದಲ್ಲಿ 31-12-9999 ಎಂದು ಒಂದೇ ಒಂದು ಸಾಲು ಹಾಕಿದರು ಎನ್ನಿ. ಮುಂದಿನ ಸ್ಟ್ಯಾಟ್ಸ್ ಪ್ರಾಮಾಣಿಕವಾಗಿ ಗರಿಷ್ಠ 9999 ಎಂದು ಬರೆದುಕೊಳ್ಳುತ್ತದೆ. ಅದೇ 80 ಲಕ್ಷ ಸಾಲು ಈಗ 7,994 ವರ್ಷಗಳಿಗೆ ಹಂಚಿಹೋಗುತ್ತದೆ. ಒಂದು ವರ್ಷಕ್ಕೆ ಅಂದಾಜು ಸುಮಾರು ಸಾವಿರ. ಹ್ಯಾಶ್ ಜಾಯಿನ್ ಇದ್ದ ಕಡೆ ನೆಸ್ಟೆಡ್ ಲೂಪ್ ಬರುತ್ತದೆ. ಸ್ಟ್ಯಾಟ್ಸ್‌ನಲ್ಲಿ ಸುಳ್ಳು ಎಳ್ಳಷ್ಟೂ ಇಲ್ಲ ಎಂಬುದನ್ನು ಗಮನಿಸಿ. ಇಂಥ ಕಾಲಂಗೆ ಹಿಸ್ಟೋಗ್ರಾಮ್ ಬೇಕೇ ಬೇಕು, ಇಲ್ಲವೇ 9999 ಬಿಟ್ಟು ನಲ್ ಬಳಸಬೇಕು. ನನ್ನ ಮತ ಎರಡನೆಯದಕ್ಕೆ, ಆದರೆ ವೆಂಡರ್ ಬರೆದ ಅಪ್ಲಿಕೇಶನ್‌ನಲ್ಲಿ ನಮ್ಮ ಮತ ಯಾರು ಕೇಳುತ್ತಾರೆ.

ಇದರ ಉಲ್ಟಾ ಪ್ರಕರಣ ಏಪ್ರಿಲ್ ಒಂದನೇ ತಾರೀಖಿನದು. ಮಾರ್ಚ್ 31ರ ರಾತ್ರಿ ಸ್ಟ್ಯಾಟ್ಸ್ ಆಗಿದೆ, ಗರಿಷ್ಠ ದಿನಾಂಕ ಅದೇ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಸ ಆರ್ಥಿಕ ವರ್ಷದ ಲಕ್ಷ ಸಾಲು ಸೇರಿವೆ. ಏಪ್ರಿಲ್ 1 ಎಂದು ಕೇಳಿದರೆ ಅದು ಆಪ್ಟಿಮೈಸರ್‌ಗೆ ಗೊತ್ತಿರುವ ವ್ಯಾಪ್ತಿಯ ಆಚೆ. ದಿನಾಂಕದ ಜೊತೆ ಸೆಕೆಂಡೂ ಇರುವ ಕಾಲಂ ಆದರೆ ಅಂದಾಜು ಒಂದೋ ಎರಡೋ ಸಾಲಿಗೆ ಇಳಿಯುತ್ತದೆ. ತಿಂಗಳಿಗೊಂದು ಪಾರ್ಟಿಷನ್ ಇರುವ ಟೇಬಲ್‌ನಲ್ಲಿ ಇನ್ನೂ ಕಷ್ಟ: ಖಾಲಿ ಇರುವಾಗಲೇ ಹೊಸ ಪಾರ್ಟಿಷನ್‌ನ ಸ್ಟ್ಯಾಟ್ಸ್ ತೆಗೆದು "ಸೊನ್ನೆ ಸಾಲು" ಎಂದು ಬರೆದಿಟ್ಟಿರುತ್ತದೆ. ತಿಂಗಳು ಶುರುವಾಗುವ ಮೊದಲೇ ಹಿಂದಿನ ಪಾರ್ಟಿಷನ್‌ನ ಅಂಕಿಅಂಶವನ್ನು ಕಾಪಿ_ಟೇಬಲ್_ಸ್ಟ್ಯಾಟ್ಸ್ ಮೂಲಕ ಹೊಸದಕ್ಕೆ ನಕಲು ಮಾಡಿಡಿ.

ಸ್ಟೇಜಿಂಗ್ ಟೇಬಲ್‌ಗಳದ್ದೂ ಇದೇ ಕತೆ. ಬೆಳಿಗ್ಗೆ 20 ಲಕ್ಷ ಸಾಲು ತುಂಬುತ್ತದೆ, ಸಂಜೆಗೆ ಖಾಲಿಯಾಗುತ್ತದೆ, ರಾತ್ರಿ ಹತ್ತಕ್ಕೆ ಸ್ಟ್ಯಾಟ್ಸ್ ಬಂದು ಖಾಲಿ ಅಂಗಡಿಯ ಲೆಕ್ಕ ಬರೆದುಕೊಂಡು ಹೋಗುತ್ತದೆ. ಇಂಥ ಟೇಬಲ್‌ನ ಸ್ಟ್ಯಾಟ್ಸ್ ಅಳಿಸಿ, ಅಳಿಸಿದ ಸ್ಥಿತಿಯಲ್ಲೇ ಲಾಕ್ ಮಾಡಿ. ಸ್ಟ್ಯಾಟ್ಸ್ ಇಲ್ಲದ ಟೇಬಲ್ ಕಂಡರೆ ಒರೇಕಲ್ ಪಾರ್ಸ್ ಮಾಡುವಾಗ ತಾನೇ ಒಂದಿಷ್ಟು ಬ್ಲಾಕ್ ಓದಿ ಅಂದಾಜು ಮಾಡುತ್ತದೆ. ಸೊನ್ನೆ ಎಂಬ ಸುಳ್ಳಿಗಿಂತ ಅದು ಎಷ್ಟೋ ವಾಸಿ.

8. ಜಿಲ್ಲೆ ಮತ್ತು ತಾಲೂಕು

ಆರಂಭದಲ್ಲಿ ಹೇಳಿದ ಎರಡು ತಪ್ಪುಗಳ ಲೆಕ್ಕ ಇಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಫಲಾನುಭವಿಗಳ ಟೇಬಲ್ ಊಹಿಸಿಕೊಳ್ಳಿ, 74,40,000 ಸಾಲು. 31 ಜಿಲ್ಲೆ, ಲೆಕ್ಕದ ಅನುಕೂಲಕ್ಕೆ 240 ತಾಲೂಕು. ಜಿಲ್ಲೆ ಧಾರವಾಡ, ತಾಲೂಕು ಕುಂದಗೋಳ ಎಂದು ಕೇಳಿದಿರಿ. ಕುಂದಗೋಳ ಧಾರವಾಡದಲ್ಲೇ ಇದೆ ಎಂದು ನಿಮಗೆ ಗೊತ್ತು, ನನಗೆ ಗೊತ್ತು, ಆಪ್ಟಿಮೈಸರ್‌ಗೆ ಗೊತ್ತಿಲ್ಲ. ಅದು 31ನ್ನು 240ರಿಂದ ಗುಣಿಸಿ 7,440ರಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕುತ್ತದೆ, ಅಂದಾಜು 1,000 ಸಾಲು. ತಾಲೂಕುಗಳಿಗೆ ಸಮನಾಗಿ ಹಂಚಿದ್ದರೆ ನಿಜಕ್ಕೂ ಬರುವುದು 31,000.

ಇಷ್ಟು ದೊಡ್ಡ ತಪ್ಪು ಇಷ್ಟು ದಿನ ಯಾರಿಗೂ ಯಾಕೆ ಕಾಣಲಿಲ್ಲ? ಜಾಯಿನ್ ಆಗುವ ಇನ್ನೊಂದು ಟೇಬಲಿನ ಸ್ಟ್ಯಾಟ್ಸ್ ಹಳೆಯದಾಗಿತ್ತು. ಹಳೆಯ ದಾಖಲೆಗಳನ್ನು ಆರ್ಕೈವ್‌ಗೆ ಸಾಗಿಸಿದ ಮೇಲೂ ಅದು ಮೊದಲಿನ ದೊಡ್ಡ ಸಂಖ್ಯೆಯನ್ನೇ ತೋರಿಸುತ್ತಿತ್ತು. ಒಂದು ಕಡೆ ಮೂವತ್ತು ಪಟ್ಟು ಕಡಿಮೆ, ಇನ್ನೊಂದು ಕಡೆ ಮೂವತ್ತು ಪಟ್ಟು ಹೆಚ್ಚು. ಗುಣಿಸಿದರೆ ಉತ್ತರ ಸರಿ ಬರುತ್ತಿತ್ತು, ಹ್ಯಾಶ್ ಜಾಯಿನ್ ಸಿಗುತ್ತಿತ್ತು. ಎರಡನೆಯ ಟೇಬಲಿನ ಸ್ಟ್ಯಾಟ್ಸ್ ಸರಿಮಾಡಿದ ರಾತ್ರಿಯೇ ಒಟ್ಟು ಅಂದಾಜು ಪಾತಾಳಕ್ಕಿಳಿಯಿತು. ಇಲ್ಲಿ ಹೊಸ ಸ್ಟ್ಯಾಟ್ಸ್ ಮೇಲೆ ಗೂಬೆ ಕೂರಿಸಿ ಹಳೆಯದನ್ನು ಲಾಕ್ ಮಾಡಿ ಕೂತರೆ, ಮೊದಲ ಟೇಬಲ್ ಬಳಸುವ ಉಳಿದ ಕ್ವೆರಿಗಳೆಲ್ಲ ಒಂದೊಂದಾಗಿ ಇದೇ ಗುಂಡಿಗೆ ಬೀಳುತ್ತವೆ.

ಮದ್ದು: ಒರೇಕಲ್ 11ಜಿಯಿಂದ ಕಾಲಂ ಗುಂಪಿನ ಮೇಲೆ ಎಕ್ಸ್‌ಟೆಂಡೆಡ್ ಸ್ಟ್ಯಾಟ್ಸ್ ಮಾಡಬಹುದು. ಜಿಲ್ಲೆ, ತಾಲೂಕು ಎರಡನ್ನೂ ಒಂದು ಜೋಡಿಯಾಗಿ ಘೋಷಿಸಿ ಸ್ಟ್ಯಾಟ್ಸ್ ತೆಗೆದರೆ ಜೋಡಿಗಳು 240 ಮಾತ್ರ ಎಂದು ಅದಕ್ಕೆ ತಿಳಿಯುತ್ತದೆ. ಇದು ಸಮಾನತೆಯ ಷರತ್ತಿಗೆ ಮಾತ್ರ ಕೆಲಸಕ್ಕೆ ಬರುತ್ತದೆ, ಇಷ್ಟರಿಂದ ಅಷ್ಟರವರೆಗೆ ಎಂಬ ಷರತ್ತಿಗೆ ಬಾರದು. ಪೋಸ್ಟ್‌ಗ್ರೆಸ್‌ನಲ್ಲಿ 10ನೇ ಆವೃತ್ತಿಯಿಂದ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಇದೆ. ನಮ್ಮ ವಿಳಾಸ, ಜಾತಿ-ಪ್ರವರ್ಗ, ಬ್ಯಾಂಕ್-ಶಾಖೆ, ಇಲಾಖೆ-ಹುದ್ದೆ ಎಲ್ಲ ಇಂಥ ಜೋಡಿಗಳೇ. ಸರ್ಕಾರಿ ದತ್ತಾಂಶ ಇಟ್ಟುಕೊಂಡವರು ಇವನ್ನು ಮೊದಲ ದಿನವೇ ಮಾಡಿಟ್ಟುಕೊಂಡರೆ ಒಳ್ಳೆಯದು.

9. ಎಷ್ಟು ಓದಿ ಬರೆದ ಲೆಕ್ಕ?

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಂಡೆಕ್ಸ್ ರೀಬಿಲ್ಡ್ ಮಾಡಿದಾಗ ಆ ಇಂಡೆಕ್ಸಿನ ಸ್ಟ್ಯಾಟ್ಸ್ ಪೂರ್ತಿ ಸಾಲುಗಳನ್ನು ಓದಿ ಸಿದ್ಧವಾಗುತ್ತದೆ. ಅದಾದ ಅರ್ಧ ಗಂಟೆಗೆ ಇನ್ನೊಂದು ಜಾಬ್ ಬಂದು ಅಪ್‌ಡೇಟ್ ಸ್ಟ್ಯಾಟಿಸ್ಟಿಕ್ಸ್ ಎಂದು ಸ್ಯಾಂಪಲ್ ಓದಿ ಅದನ್ನು ಅಳಿಸಿ ಬರೆಯುತ್ತದೆ. ಚಿನ್ನದ ಲೆಕ್ಕ ಹೋಗಿ ತಗಡಿನದು ಬಂತು. ಮೇಂಟೆನೆನ್ಸ್ ಪ್ಲಾನ್‌ನಲ್ಲಿ ಈ ಎರಡು ಹೆಜ್ಜೆ ಈ ಅನುಕ್ರಮದಲ್ಲಿ ಇರುವ ಕಚೇರಿಗಳು ಇವತ್ತಿಗೂ ಇವೆ.

ಪೋಸ್ಟ್‌ಗ್ರೆಸ್ ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಓದುವುದು 30,000 ಸಾಲು, ಟೇಬಲ್ ಎಷ್ಟೇ ದೊಡ್ಡದಿರಲಿ. ಕೋಟಿಗಟ್ಟಲೆ ಸಾಲುಗಳಲ್ಲಿ ಬೇರೆ ಬೇರೆ ಮೌಲ್ಯಗಳೆಷ್ಟು ಎಂದು ಇಷ್ಟರಲ್ಲಿ ಹೇಳುವುದು ಕಷ್ಟ, ಸಾಮಾನ್ಯವಾಗಿ ಕಡಿಮೆ ಹೇಳುತ್ತದೆ. ಆ ಕಾಲಂಗೆ ಸ್ಟ್ಯಾಟಿಸ್ಟಿಕ್ಸ್ ಟಾರ್ಗೆಟ್ ಏರಿಸಿ, ಅಥವಾ ಎನ್_ಡಿಸ್ಟಿಂಕ್ಟ್ ನೀವೇ ಕೊಟ್ಟು ಮತ್ತೆ ಅನಲೈಸ್ ಮಾಡಿ. ಪಾರ್ಟಿಷನ್ ಇರುವ ಟೇಬಲ್‌ನಲ್ಲಿ ತಾಯಿ ಟೇಬಲನ್ನು ಆಟೋವ್ಯಾಕ್ಯೂಮ್ ಅನಲೈಸ್ ಮಾಡುವುದಿಲ್ಲ, ಅದು ನಮ್ಮ ಜವಾಬ್ದಾರಿ.

ಒರೇಕಲ್‌ನವರು 9ಐ ಕಾಲದ ಸ್ಕ್ರಿಪ್ಟ್ ಹುಡುಕಿ ಎಸೆಯಿರಿ. ಎಸ್ಟಿಮೇಟ್_ಪರ್ಸೆಂಟ್ 10 ಎಂದು ಬರೆದಿರುವ ಆ ಸಾಲು ಮೂರು ತಲೆಮಾರಿನ ಡಿಬಿಎಗಳ ಕೈ ದಾಟಿ ಬಂದಿರುತ್ತದೆ. 11ಜಿಯಿಂದ ಆಟೋ_ಸ್ಯಾಂಪಲ್_ಸೈಜ್ ಪೂರ್ತಿ ಟೇಬಲ್ ಓದಿಯೂ ಬೇಗ ಮುಗಿಸುತ್ತದೆ.

10. ಜಾಬ್ ನಿಲ್ಲಿಸಬೇಡಿ, ಪ್ರಕಟಿಸುವುದನ್ನು ತಡೆಯಿರಿ

ಪೆಟ್ಟು ತಿಂದ ಮೇಲೆ ಇಡೀ ಡೇಟಾಬೇಸಿನ ಸ್ಟ್ಯಾಟ್ಸ್ ಜಾಬ್ ನಿಲ್ಲಿಸಿಬಿಡುವುದು ಜ್ವರ ಜಾಸ್ತಿ ತೋರಿಸಿತೆಂದು ಥರ್ಮಾಮೀಟರ್ ಒಡೆದು ಹಾಕಿದ ಹಾಗೆ. ಕೆಲವು ವಾರ ನೆಮ್ಮದಿ ಇರುತ್ತದೆ. ಆಮೇಲೆ ಏಳನೇ ಪಾಠದ ದಿನಾಂಕಗಳು ಒಂದೊಂದಾಗಿ ವ್ಯಾಪ್ತಿಯಾಚೆ ಹೋಗುತ್ತವೆ.

ನಿಜಕ್ಕೂ ಮುಖ್ಯವಾದ ಹತ್ತಿಪ್ಪತ್ತು ಟೇಬಲ್‌ಗಳಿಗೆ ಮಾತ್ರ ಪಬ್ಲಿಷ್ ಪ್ರಿಫರೆನ್ಸ್ ಫಾಲ್ಸ್ ಮಾಡಿ. ಸ್ಟ್ಯಾಟ್ಸ್ ಸಂಗ್ರಹವಾಗುತ್ತದೆ, ಆದರೆ ಪೆಂಡಿಂಗ್‌ನಲ್ಲಿ ಕೂತಿರುತ್ತದೆ. ನಿಮ್ಮ ಸೆಷನ್‌ನಲ್ಲಿ ಆಪ್ಟಿಮೈಸರ್_ಯೂಸ್_ಪೆಂಡಿಂಗ್_ಸ್ಟ್ಯಾಟಿಸ್ಟಿಕ್ಸ್ ಟ್ರೂ ಮಾಡಿ ಮುಖ್ಯ ಕ್ವೆರಿಗಳನ್ನು ಓಡಿಸಿ ನೋಡಿ, ಸರಿ ಇದ್ದರೆ ಪ್ರಕಟಿಸಿ. 11ಜಿಯಿಂದ ಇರುವ ಸೌಲಭ್ಯ ಇದು. ಬಳಸುವವರು ಬೆರಳೆಣಿಕೆಯಷ್ಟು.

ಎಂಟರ್‌ಪ್ರೈಸ್ ಎಡಿಷನ್ ಇದ್ದರೆ ಪ್ಲಾನ್ ಬೇಸ್‌ಲೈನ್ ಹಾಕಬಹುದು, ಒಳ್ಳೆಯ ಪ್ಲಾನ್ ಅಲ್ಲಿಗೆ ಗಟ್ಟಿಯಾಗುತ್ತದೆ. ದಿನದ ವ್ಯವಹಾರಕ್ಕೆ ಪ್ರಾಣವಾದ ಕೆಲವು ಕ್ವೆರಿಗಳಿಗೆ ಸರಿ. ಸಿಕ್ಕಸಿಕ್ಕದ್ದಕ್ಕೆಲ್ಲ ಹಾಕಿದರೆ ಮುಂದೆ ಹೊಸ ಇಂಡೆಕ್ಸ್ ಕಟ್ಟಿದಾಗ ಅದನ್ನು ಯಾರೂ ಮುಟ್ಟುವುದಿಲ್ಲ, ಕಾರಣ ಹುಡುಕುತ್ತಾ ಒಂದು ಮಧ್ಯಾಹ್ನ ಹೋಗುತ್ತದೆ. ಕೋಡಿನೊಳಗೆ ಹಿಂಟ್ ತುರುಕುವುದಂತೂ ನನ್ನ ಪಟ್ಟಿಯಲ್ಲಿ ಕಟ್ಟಕಡೆಯದು.

11. ಈ ವಾರವೇ ಒಂದು ಕೆಲಸ

ತಿಂಗಳಿಗೊಮ್ಮೆ ಓಡುವ ರಿಪೋರ್ಟ್ ಕೆಟ್ಟಾಗ ಅದು ಕಳೆದ ಸಲ ಚೆನ್ನಾಗಿ ಓಡಿ ಮೂವತ್ತು ಮೂವತ್ತೊಂದು ದಿನ ಆಗಿರುತ್ತದೆ. ಆ ದಿನದ ಸ್ಟ್ಯಾಟ್ಸ್ ಬೇಕೆಂದರೆ ಡಿಫಾಲ್ಟ್ 31 ದಿನದ ಇತಿಹಾಸದಲ್ಲಿ ಅದು ತೀರ ಅಂಚಿನಲ್ಲಿರುತ್ತದೆ, ಒಂದೆರಡು ದಿನ ತಡವಾದರೂ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಓಡುವ ರಿಪೋರ್ಟ್ ಆದರೆ ಕೇಳುವುದೇ ಬೇಡ. ಗೆಟ್_ಸ್ಟ್ಯಾಟ್ಸ್_ಹಿಸ್ಟರಿ_ರಿಟೆನ್ಷನ್ ಓಡಿಸಿ ನಿಮ್ಮಲ್ಲಿ ಎಷ್ಟು ದಿನ ಇದೆ ನೋಡಿ. ಸಿಸಾಕ್ಸ್ ಟೇಬಲ್‌ಸ್ಪೇಸ್‌ನಲ್ಲಿ ಜಾಗ ಇದೆಯೇ ಖಾತ್ರಿ ಮಾಡಿಕೊಂಡು ಅದನ್ನು 100 ದಿನಕ್ಕೆ ಏರಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ಇತಿಹಾಸವನ್ನು ಸರ್ವರ್ ತಾನಾಗಿ ಇಡುವುದಿಲ್ಲ. ಅಲ್ಲಿ ಆಟೋ ಎಕ್ಸ್‌ಪ್ಲೇನ್ ಹಾಕಿ, ಮುಖ್ಯ ಕ್ವೆರಿಗಳ ಒಳ್ಳೆಯ ದಿನದ ಪ್ಲಾನ್‌ಗಳನ್ನು ಈಗಲೇ ತೆಗೆದು ಎತ್ತಿಡಿ.